ಮೂರನೇ ಮೆಟ್ಟಿಲು

ಕೊಬ್ಬರಿ ಎಣ್ಣೆ ಹೆಪ್ಪುಗಟ್ಟಿದ ದಿನವೇ
ನಮ್ಮ ಮನೆಗೆ ಚಳಿಗಾಲ.
ಕ್ಯಾಲೆಂಡರನ್ನು ಅತ್ತೆ ನಂಬುವುದಿಲ್ಲ.
ಎದ್ದವರೇ ಸೀಸೆ ತಲೆಕೆಳಗು ಹಿಡಿದು
‘ಇನ್ನೂ ಬರ್ಲಿಲ್ಲ ನೋಡು’ ಅನ್ನುತ್ತಾರೆ.
ಎಣ್ಣೆ ಬರಲಿಲ್ಲವೋ, ಮಗ ಬರಲಿಲ್ಲವೋ,
ಎರಡಕ್ಕೂ ಅದೇ ದನಿ.

ಇವರದು ಆಗುಂಬೆ ನೈಟ್ ಹಾಲ್ಟು.
ಮಂಜು ಬಿದ್ದರೆ ತೀರ್ಥಹಳ್ಳಿಗೇ ತಡ,
ಆಮೇಲೆ ಡಿಪೋದಲ್ಲಿ ಹಣ ಕಟ್ಟಿ, ಲೆಕ್ಕ ಒಪ್ಪಿಸಿ
ಸೀಗೆಹಟ್ಟಿಯ ಈ ಬಾಡಿಗೆ ಮನೆಯ ಗೇಟು
ಕಿರ್ರೆನ್ನುವಾಗ ಎಂಟು ಗಂಟೆ.
ಖಾಕಿ ಅಂಗಿಯ ಮೇಲೆ ನನ್ನ ಹಳೇ ಸ್ವೆಟರು,
ಎಡಗಡೆ ಗುಂಡಿಯ ಹೆಂಗಸರ ಸ್ವೆಟರು,
ಯಾರೂ ಗಮನಿಸಿಲ್ಲ ಅಂತ ಇವರ ನಂಬಿಕೆ.
ಬೂಟು ಬಿಚ್ಚಿ ನೇರ ಹಂಡೆಯೊಲೆಗೆ.
ಕುಕ್ಕರಗಾಲಲ್ಲಿ ಕೂತು ಬೆಂಕಿಗೆ ಅಂಗೈ ಚಾಚುತ್ತಾರೆ
ಚಿಲ್ಲರೆ ಕೇಳುವ ಹಾಗೆ.

ಆ ಹಂಡೆಯದೇ ತಕರಾರು.
ಮೊದಲ ನೀರು ಮಕ್ಕಳಿಗೆ, ಆಮೇಲೆ ಅತ್ತೆಗೆ, ಇವರಿಗೆ,
ತಳದ ಉಗುರುಬೆಚ್ಚಗಿನದು ನನಗೆ.
ದೀಪಾವಳಿಯಲ್ಲಿ ‘ಕಂತಿನ ಮೇಲೆ ಗೀಸರ್ ತರೋಣ’ ಅಂದೆ.
ಅಂದಿನಿಂದ ಅತ್ತೆ ನನ್ನ ಜೊತೆ
ಉಪ್ಪು ಹುಳಿಗೆ ಬೇಕಾದಷ್ಟೇ ಮಾತು.
‘ಗೀಸರಿನ ಬೂದಿಯಲ್ಲಿ ಗೆಣಸು ಸುಡ್ತಾರಂತಾ?’
ಒಮ್ಮೆ ಕೇಳಿದರು, ಅದೂ ಗೋಡೆಯನ್ನು.
ಗೋಡೆ ಏನೂ ಹೇಳಲಿಲ್ಲ.
ನನಗೂ ಉತ್ತರ ಹೊಳೆಯಲಿಲ್ಲ.

ಇವತ್ತು ಭಾನುವಾರ, ಬಂದವರಿಗೆ ನಾಳೆಯವರೆಗೂ ರಜೆ.
ಎದುರು ಮನೆಯ ನೀರಿನ ಟ್ಯಾಂಕು ದಾಟಿ ಬಿಸಿಲು
ಎಂಟೂ ಮುಕ್ಕಾಲಿಗೆ ನಮ್ಮಲ್ಲಿಗೆ ಬರುತ್ತದೆ,
ಮೊದಲು ಮೂರನೇ ಮೆಟ್ಟಿಲಿಗೆ.
ಅಲ್ಲಿ ಆಗಲೇ ಎಣ್ಣೆ ಸೀಸೆ ಕೂತಿರುತ್ತದೆ.
ಅದರ ಪಕ್ಕ ಅತ್ತೆ, ಅತ್ತೆಗೆ ಒತ್ತಿಕೊಂಡು ಸಿಂಚನ,
ಕಿವಿಗೆ ಮಫ್ಲರ್ ಸುತ್ತಿದ ಮನೋಜ.
ಬಿಸಿಲು ಸರಿದಂತೆ ನಾವೂ ಚಾಪೆ ಸರಿಸುತ್ತೇವೆ.
ಇಡೀ ಮನೆಯಲ್ಲಿ ಬಾಡಿಗೆ ಕಟ್ಟದ ಜಾಗ ಇದೊಂದೇ.

ಮೊನ್ನೆ ಇವರು ತಂದ ಅವರೆಕಾಯಿ ಐದು ಕೆಜಿ,
ತಮ್ಮ ಚೀಲಕ್ಕೆ ತಾವೇ ಲಗೇಜ್ ಟಿಕೆಟ್ ಹರಿದು ತಂದದ್ದು.
ಸುಲಿದು ರಾತ್ರಿಯಿಡೀ ನೆನೆಸಿಟ್ಟಿದ್ದೆ.
ಮನೆಯೆಲ್ಲ ಅದರದೇ ಸೊಗಡು.
ಹಿತುಕುವುದರಲ್ಲಿ ಅತ್ತೆಯ ಬೆರಳು ನೋಡಬೇಕು.
ಒಂದೇ ಚಿಟಿಕೆ, ಸಿಪ್ಪೆ ಕೈಯಲ್ಲೇ, ಬೇಳೆ ಪಾತ್ರೆಗೆ,
ಕಣ್ಣು ಮಾತ್ರ ರಸ್ತೆಯ ಮೇಲೆ.
ನನ್ನದು ಎಲ್ಲೆಲ್ಲಿಗೋ ಹಾರುತ್ತದೆ.
ಒಂದು ಕಾಳು ಜಾರಿ ಹೋಗಿದ್ದು ನೇರ
ಗೋಡೆಗೊರಗಿ ನಿದ್ದೆಹೋಗಿದ್ದ ಇವರ ತೆರೆದ ಬಾಯಿಗೆ.
ಕಣ್ಣು ಬಿಡದೆ ಅಗಿದರು.
ನುಂಗಿದರು.
‘ರೈಟ್, ರೈಟ್’ ಅಂದರು.

ಅತ್ತೆ ನಕ್ಕರು.
ಮೊದಲು ಮೂಗಿನಲ್ಲಿ, ಆಮೇಲೆ ತಡೆಯಲಾರದೆ
ಸೆರಗು ಬಾಯಿಗೊತ್ತಿ, ಹೊಟ್ಟೆ ಕುಲುಕಿ,
ಕಡೆಗೆ ಕೆಮ್ಮು ಬಂತು.
ಬೆನ್ನು ನೀವಲು ನಾನು ಕೈಯಿಟ್ಟೆ.
ತೆಗೆ ಅನ್ನಲಿಲ್ಲ.
ಮೂಳೆಗಳ ಮೇಲೆ ಸ್ವೆಟರು ಬಿಸಿಲಿಗೆ ಕಾದಿತ್ತು.

ಹತ್ತರ ಹೊತ್ತಿಗೆ ಎಣ್ಣೆ ಅಂಚು ಬಿಟ್ಟಿತು,
ನಡುವೆ ಬೆಳ್ಳಗೆ ಒಂದು ತುಣುಕು ತೇಲುತ್ತಿತ್ತು.
ಪೂರ್ತಿ ಕರಗಲಿ ಅಂತ ಕಾಯುವವರಲ್ಲ ಅತ್ತೆ.
ಅಂಗೈಗೆ ಸುರಿದು ಸಿಂಚನಳ ನೆತ್ತಿಗೆ ತಟ್ಟಿದರು,
ಮನೋಜನ ಬಿಳಿಬಿಳಿ ಮೊಣಕಾಲಿಗೆ,
ನಿದ್ದೆಯಲ್ಲಿದ್ದ ಮಗನ ಒಡೆದ ಹಿಮ್ಮಡಿಗೆ.
ಕೈಯಲ್ಲುಳಿದದ್ದನ್ನು, ಬೇರೆಲ್ಲೋ ನೋಡುತ್ತಾ,
ನನ್ನ ಮೊಣಕೈಗೆ ಒರೆಸಿದರು,
ಬಟ್ಟೆಗೆ ಒರೆಸುವಂತೆ.

‘ಗೆಣಸು!’ ಅಂತ ಮನೋಜ ಒಲೆಗೆ ಓಡಿದ.
ಒಂದು ಮಗ್ಗುಲು ಪೂರಾ ಕರಿ. ನಾಲ್ಕೇ ನಾಲ್ಕು.
‘ನಂಗೆ ಹಲ್ಲಿಲ್ಲಪ್ಪ’ ಅಂದರು ಅತ್ತೆ.
‘ನನಗೆ ಹಸಿವಿಲ್ಲ’ ಅಂದೆ.
ಅತ್ತೆ ನನ್ನನ್ನು ನೋಡಿದರು.
ಒಂದನ್ನು ಮುರಿದು ಊದಿ ಊದಿ
ದಪ್ಪದ ತುಂಡು ನನಗೇ ಕೊಟ್ಟು
‘ಗೀಸರ್ ಎಷ್ಟಂತೆ?’ ಅಂದರು.
ಬಾಯಿ ಸುಟ್ಟಿತ್ತು. ಹೇಳಲಾಗಲಿಲ್ಲ.

ಅಷ್ಟರಲ್ಲಿ ಬಿಸಿಲು ಗೇಟಿನ ಹತ್ತಿರ ಹೋಗಿತ್ತು.
ಅವರೆಯ ಪಾತ್ರೆ ಸಮೇತ ಚಾಪೆ ಎತ್ತಿಕೊಂಡೆವು,
ಆ ತುದಿ ಅತ್ತೆ, ಈ ತುದಿ ನಾನು,
ಇವರನ್ನು ನೆರಳಲ್ಲೇ ಬಿಟ್ಟು.